ಇಸ್ತ್ರಿಯಕ್ಕನಿಗೆ ಕಿವಿ ಬಂದ ತಿಂಗಳು

ಆ ದೊಡ್ಡ ಹೋಟೆಲಿನಲ್ಲಿ ಇಸ್ತ್ರಿಯಕ್ಕನನ್ನು ಅರಿಯದವರಿರಲಿಲ್ಲ. ನೆಲಮಾಳಿಗೆಯ ಲಾಂಡ್ರಿಯಲ್ಲಿ, ಆವಿ ಕಾರುವ ಯಂತ್ರಗಳ ನಡುವೆ, ಇಪ್ಪತ್ತಾರು ವರ್ಷದಿಂದ ಒಂದೇ ಮೇಜಿನ ಮುಂದೆ ನಿಂತವಳು ಅವಳು. ಹಾಸಿಗೆಯ ಚಾದರಗಳನ್ನೆಲ್ಲ ಉರುಳೆಯ ಯಂತ್ರವೇ ನುಂಗಿ, ಚಪ್ಪಟೆ ಮಾಡಿ, ಆ ಕಡೆಯಿಂದ ಉಗುಳುತ್ತಿತ್ತು. ಆದರೆ ಅಡುಗೆಯವರ ಕೋಟು, ಮೇನೇಜರರ ಅಂಗಿ, ಅತಿಥಿಗಳ ರೇಷ್ಮೆ ಬಟ್ಟೆಗಳು ಮಾತ್ರ ಇಸ್ತ್ರಿಯಕ್ಕನ ಕೈಗೇ ಬರಬೇಕು. ಒಂದೊಂದು ಅಂಗಿ ಮುಗಿದಾಗಲೂ ಕಾಲರಿನ ಮೇಲೆ ಬೆರಳಾಡಿಸಿ, ತುಟಿಯಲ್ಲೇ "ಸ್ತೋತ್ರ ಕರ್ತನೇ" ಅನ್ನುವಳು. ಯಾರ ಅಂಗಿಯೋ ಏನೋ, ತೊಡುವವರು ಪ್ರಾರ್ಥನೆ ಮಾಡುವವರೋ ಅಲ್ಲವೋ, ಅವರ ಪರವಾಗಿ ತಾನೇ ಒಂದು ಸ್ತೋತ್ರ ಹೇಳಿ ಹ್ಯಾಂಗರಿಗೆ ತೂಗುಹಾಕಿಬಿಡುವಳು.

ಮಗಳು ಮಾತು ಕಲಿಯುವ ಹೊತ್ತಿಗೆ ಇಸ್ತ್ರಿಯಕ್ಕನ ಕಿವಿ ಮಂದವಾಗತೊಡಗಿತ್ತು. ಮೊದಲು ಹಕ್ಕಿಗಳು ಸುಮ್ಮನಾದವು, ಆಮೇಲೆ ಮಳೆ, ಆಮೇಲೆ ಮನುಷ್ಯರು. ಒಮ್ಮೆ ಕಿವಿಯ ಮೆಷಿನ್ನೊಂದನ್ನು ತಂದು ಹಾಕಿಕೊಂಡಿದ್ದೂ ಉಂಟು. ಅದು ಲಾಂಡ್ರಿಯ ಆವಿಗೆ ನೆನೆದು ಒಂದು ವಾರ ಕೀರಲು ದನಿಯಲ್ಲಿ ಅರಚಿಕೊಂಡು ಸತ್ತುಹೋಯಿತು. ಅಲ್ಲಿಂದಾಚೆಗೆ ಇಪ್ಪತ್ತೆರಡು ವರ್ಷ ಅವಳು ಜನರ ಮುಖ ನೋಡಿಯೇ ಅರ್ಧ ಮಾತು ಹಿಡಿಯುವಳು, ಉಳಿದರ್ಧ ತಾನೇ ತುಂಬಿಕೊಳ್ಳುವಳು. ಅದರಿಂದ ಆದ ಎಡವಟ್ಟುಗಳಿಗೆ ಲೆಕ್ಕವಿಲ್ಲ; ಆದರೆ ಅವಳು ತುಂಬಿಕೊಂಡ ಅರ್ಧ ಯಾವಾಗಲೂ ಜನ ನಿಜವಾಗಿ ಆಡಿದ್ದಕ್ಕಿಂತ ಒಳ್ಳೆಯದೇ ಆಗಿರುತ್ತಿತ್ತು.

ಭಾನುವಾರದ ಆರಾಧನೆಯಲ್ಲಿ ಅವಳದು ಮೂರನೆಯ ಬೆಂಚು, ಗೋಡೆಯ ಕಡೆಯ ತುದಿ. ಮಾತಾಡುವಾಗ ಅವಳದು ಪಿಸುಗುಟ್ಟಿದಂತಹ ಮೆತ್ತನೆಯ ದನಿ. ತನ್ನ ಮಾತು ತನ್ನ ತಲೆಬುರುಡೆಯೊಳಗೇ ಗುಂಯ್ ಎಂದು ಮೊಳಗುತ್ತಿದ್ದುದರಿಂದ ಅದಕ್ಕಿಂತ ಜೋರು ಬೇಕೆಂದು ಅವಳಿಗೆ ಅನ್ನಿಸುತ್ತಲೇ ಇರಲಿಲ್ಲ. ಆದರೆ ಕೀರ್ತನೆ ಶುರುವಾಯಿತೆಂದರೆ ಆ ಪಿಸುಮಾತಿನವಳು ಎಲ್ಲಿ ಮಾಯವಾಗುತ್ತಿದ್ದಳೋ! ಎದೆ ತುಂಬ ಉಸಿರೆಳೆದು, ಕಣ್ಣು ಮುಚ್ಚಿ, ಚಾವಣಿ ಹಾರಿಹೋಗುವಂತೆ ಹಾಡುವಳು. ಹಾರ್ಮೋನಿಯಂ ಮಾಸ್ತರರ ಬೆರಳು ಅಲ್ಲಾಡಿದ್ದು ನೋಡಿ ಶುರು, ಪಕ್ಕದವರ ಬಾಯಿ ಮುಚ್ಚಿದ್ದು ನೋಡಿ ಮುಕ್ತಾಯ. ನಡುವಿನದೆಲ್ಲ ಅವಳಿಗೂ ದೇವರಿಗೂ ಬಿಟ್ಟದ್ದು.

ಅವಳ ಯಜಮಾನ ಗಡಿಯಾರ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಕೂರುವ ಸಣಕಲು ಮನುಷ್ಯ. ಗಿರಾಕಿಗಳ ಜೊತೆ ಮೂರು ಮಾತು, ಹೆಂಡತಿಯ ಜೊತೆ ಕೈಸನ್ನೆ, ಅಷ್ಟೇ ಅವನ ಸಂಸಾರ ಎಂದು ಜನ ಅಂದುಕೊಂಡಿದ್ದರು. ನರ್ಸ್ ಕೆಲಸದಲ್ಲಿದ್ದ ಮಗಳು ರಜೆಗೆ ಬಂದವಳು ಕಿವಿ ಪರೀಕ್ಷೆಗೆ ಬಳಸುವ ಲೋಹದ ಕವೆಗೋಲೊಂದನ್ನು ತಟ್ಟಿ ಕಂಪಿಸುವಂತೆ ಮಾಡಿ, ಅಮ್ಮನ ಕಿವಿಯ ಹಿಂದಿನ ಮೂಳೆಗೆ ಇಟ್ಟು ನೋಡಿದಳು. "ಕೇಳ್ತಿದೆ" ಎಂದು ಇಸ್ತ್ರಿಯಕ್ಕ ತಲೆಯಾಡಿಸಿದಳು. ಅದನ್ನೇ ಕಿವಿಯ ಮುಂದೆ ಹಿಡಿದಾಗ ಏನೂ ಕೇಳಲಿಲ್ಲ. ಮಗಳು ಅಲ್ಲೇ ಕುಣಿದುಬಿಟ್ಟಳು.

"ಅಪ್ಪಾ, ಅಮ್ಮನ ಕಿವಿ ಸತ್ತಿಲ್ಲ! ಒಳಗಡೆ ಒಂದು ಸಣ್ಣ ಮೂಳೆ ಜಾಮ್ ಆಗಿದೆ, ಅಷ್ಟೆ. ನಿಮ್ಮ ಗಡಿಯಾರದ ಚಕ್ರ ಸಿಕ್ಕಿಹಾಕ್ಕೊಳ್ಳಲ್ವಾ, ಹಾಗೆ!"

ಗಡಿಯಾರದ ಹೋಲಿಕೆ ಕೊಟ್ಟದ್ದೇ ಸರಿ, ಅವನಿಗೆ ಎಲ್ಲ ಅರ್ಥವಾಯಿತು. "ಹಾಗಾದ್ರೆ ಬಿಚ್ಚಿ ಹಾಕೋಣ" ಎಂದ.

ಅಕ್ಕಿಕಾಳಿಗಿಂತ ಚಿಕ್ಕದಾದ ಆ ಮೂಳೆಯನ್ನು ಕಿವಿಯ ಡಾಕ್ಟರಮ್ಮ ಆಪರೇಷನ್ ಮಾಡಿ ತೆಗೆದು, ಅಷ್ಟೇ ಚಿಕ್ಕದೊಂದು ಕೊಳವೆಯನ್ನು ಅಲ್ಲಿ ಕೂರಿಸಿದರು. ಸದ್ಯಕ್ಕೆ ಬಲಗಿವಿ ಮಾತ್ರ. ಆಮೇಲಿನ ಹತ್ತು ದಿನ ಕಿವಿಯಲ್ಲಿ ಅರಳೆ, ತಲೆಯಲ್ಲಿ ತಿರುಗುಮುರುಗು. ಭಾರ ಎತ್ತಬಾರದು, ಜೋರಾಗಿ ಸೀನಬಾರದು, ಬಗ್ಗಬಾರದು. ನಿಂತರೆ ನೆಲ ಎಡಕ್ಕೆ ಜಾರುತ್ತಿತ್ತು, ಕೂತರೆ ಗೋಡೆ ಬಲಕ್ಕೆ ವಾಲುತ್ತಿತ್ತು. ಇಸ್ತ್ರಿಯಕ್ಕನಿಗೆ ಅದೂ ನಗುವಿಗೇ ಆಯಿತು. ಗಂಡನ ತೋಳು ಹಿಡಿದು ಬಚ್ಚಲಿಗೆ ಹೋಗುವಾಗ, "ಕುಡಿಯದೇನೇ ಅಮಲು ಬರೋದು ಅಂದ್ರೆ ಇದೇ ಇರ್ಬೇಕು ಕಣ್ರೀ" ಎಂದು ಕಿಸಕ್ಕನೆ ನಗುವಳು.

ಹನ್ನೊಂದನೆಯ ದಿನ ಡಾಕ್ಟರಮ್ಮ ಅರಳೆ ತೆಗೆದರು.

ಮೊದಲು ಕೇಳಿದ್ದು ಚರಪರ ಎಂಬ ಭಯಂಕರ ಸದ್ದು. ಇಸ್ತ್ರಿಯಕ್ಕ ಬೆಚ್ಚಿ ಕುರ್ಚಿ ಹಿಡಿದುಕೊಂಡಳು. ನೋಡಿದರೆ ಡಾಕ್ಟರಮ್ಮ ಒಂದು ಚೀಟಿ ಹರಿದಿದ್ದರು, ಅಷ್ಟೇ.

"ಅಯ್ಯೋ, ಕಾಗದಕ್ಕೆ ಇಷ್ಟೊಂದು ಬಾಯಾ!" ಎಂದಳು ಅವಳು. ಹಾಗೆ ಅಂದದ್ದೇ ಬಾಯಿ ಮುಚ್ಚಿಕೊಂಡು ಮಗಳ ಕಡೆ ತಿರುಗಿದಳು. "ಈಗ ಮಾತಾಡಿದ್ದು ಯಾರೇ?"

"ನೀನೇ ಅಮ್ಮಾ."

"ನಾನಾ? ನಾನು ಹೀಗಾ ಮಾತಾಡೋದು? ನಮ್ಮ ಅತ್ತೆ ಬಂದು ನಿಂತ ಹಾಗಾಯ್ತಲ್ಲೇ!"

ಮಗಳು ನಗುನಗುತ್ತಲೇ ಅತ್ತಳು. ಇಸ್ತ್ರಿಯಕ್ಕ ಅವಳ ಗಲ್ಲ ಹಿಡಿದು, "ನಿನ್ನ ದನಿ ಮೂರು ವರ್ಷದ ಮಗೂದು ಅಂತ್ಲೇ ಇತ್ತಲ್ಲೇ ನನ್ ತಲೇಲಿ. ಇನ್ನೊಂದ್ಸಲ ಅಮ್ಮಾ ಅನ್ನು," ಎಂದಳು. ಮಗಳು ಅಂದಳು. "ಇನ್ನೊಂದ್ಸಲ." ಹೊರಗೆ ಕಾಯುತ್ತಿದ್ದ ಮುಂದಿನ ರೋಗಿ ಬಾಗಿಲು ತಟ್ಟುವವರೆಗೂ ಇದೇ ನಡೆಯಿತು. ಆ ಬಾಗಿಲು ತಟ್ಟಿದ ಸದ್ದೂ ಅವಳಿಗೆ ಎಷ್ಟು ಚಂದ ಕಂಡಿತೆಂದರೆ, ಹೊರಡುವಾಗ ತಾನೂ ಒಮ್ಮೆ ತಟ್ಟಿಯೇ ಹೋದಳು.

ದಾರಿಯುದ್ದಕ್ಕೂ ಅವಳಿಗೆ ಮಾಡಲು ಬೇರೆ ಕೆಲಸವೇ ಇರಲಿಲ್ಲ. ಬಸ್ಸಿನ ಕಿಟಕಿ ಗಡಗಡ ಅಂದದ್ದಕ್ಕೆ ಸ್ತೋತ್ರ, ಯಾರದೋ ಚಪ್ಪಲಿ ಪಟಪಟ ಅಂದದ್ದಕ್ಕೆ ಸ್ತೋತ್ರ, ಮುಂದಿನ ಸೀಟಿನ ಮುದುಕ ಆಕಳಿಸಿದ್ದಕ್ಕೂ ಒಂದು ಸ್ತೋತ್ರ. ಮುದುಕ ಹಿಂತಿರುಗಿ ಕಣ್ಣು ಕಣ್ಣು ಬಿಟ್ಟ. "ಏನಿಲ್ಲ ತಾತ, ಇನ್ನೊಂದ್ಸಲ ಆಕಳಿಸಿ," ಎಂದಳು.

ಮನೆಗೆ ಬಂದು ಹೊಸಿಲು ದಾಟುವುದಕ್ಕೂ ಐದು ಗಂಟೆಯಾಗುವುದಕ್ಕೂ ಸರಿಹೋಯಿತು. ಅಂಗಡಿಯ ಗೋಡೆಯಲ್ಲಿದ್ದ ಹನ್ನೊಂದು ಗಡಿಯಾರಗಳೂ ಏಕಕಾಲಕ್ಕೆ ಢಣ್ ಢಣ್ ಎಂದವು. ಇಸ್ತ್ರಿಯಕ್ಕ ಕಿಟಾರನೆ ಕಿರುಚಿದಳು. ಅವಳು ಕಿರುಚಿದ್ದಕ್ಕೆ ಗಂಡ ಕೈಯಲ್ಲಿದ್ದ ಚಿಮಟ ಬೀಳಿಸಿದ. ಆ ಚಿಮಟ ಬಿದ್ದ ಸದ್ದು ಕೇಳಿ ಅವಳು ಮತ್ತೆ ಕಿರುಚಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಐದನೆಯ ಗಂಟೆ ನಿಂತಾಗ ಅವನು ಭೂತಗಾಜು ತೆಗೆದು, ಗಂಟಲು ಸರಿಮಾಡಿಕೊಂಡು, ಬಹಳ ಹೊತ್ತು ಯೋಚಿಸಿ, "ಚಹಾ ಕುಡಿತೀಯಾ?" ಎಂದ.

"ಕುಡಿತೀನಿ ಕಣ್ರೀ," ಎಂದಳು ಅವಳು. "ನಿಮ್ಮ ದನಿ ಸ್ವಲ್ಪ ದಪ್ಪ ಆಗಿದೆ."

ಮೂರನೆಯ ವಾರ ಲಾಂಡ್ರಿಗೆ ಹಿಂದಿರುಗಿದಳು. ಭಾರದ ಬುಟ್ಟಿ ಬೇಡ, ಇಸ್ತ್ರಿ ಮಾತ್ರ ಎಂದು ಡಾಕ್ಟರಮ್ಮ ಚೀಟಿ ಕೊಟ್ಟಿದ್ದರು. ಅವಳ ಮೇಜಿನ ಪಕ್ಕದಲ್ಲಿ ಕೂತು ಕಿತ್ತುಹೋದ ಗುಂಡಿಗಳನ್ನು ಹೊಲಿಯುವವಳು ಗುಂಡಿಯಮ್ಮ. ಹೆಸರಿಗೆ ತಕ್ಕ ಹಾಗೆ ಗುಂಡುಗುಂಡಗಿನವಳು. ಹದಿನೈದು ವರ್ಷದಿಂದ ಸೂಜಿ ಆಡಿಸುತ್ತ ಆಡಿಸುತ್ತ ತನ್ನ ಸಂಸಾರದ ಒಳಹೊರಗನ್ನೆಲ್ಲ ಇಸ್ತ್ರಿಯಕ್ಕನ ಬೆನ್ನಿಗೆ ಹೇಳಿಕೊಂಡು ಹಗುರಾಗುತ್ತಿದ್ದಳು. ಇಸ್ತ್ರಿಯಕ್ಕನಿಗೆ ಕೇಳಿಸುವುದಿಲ್ಲವೆಂಬ ಒಂದೇ ಧೈರ್ಯ. ಆ ದಿನ ಗುಂಡಿಯಮ್ಮ ತುಟಿ ಬಿಗಿದು ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಅಕ್ಕಾ, ನಿಜ ಹೇಳು. ಮೊದ್ಲು ನಿಂಗೆ ಎಷ್ಟು ಕೇಳಿಸ್ತಿತ್ತು?"

"ಒಂದಕ್ಷರಾನೂ ಇಲ್ಲ."

"ನಮ್ಮ ನಾದಿನಿ ವಿಷಯ?"

"ನಿಂಗೆ ನಾದಿನಿ ಇದ್ದಾಳಾ?"

ಗುಂಡಿಯಮ್ಮ ಎದೆಯ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟಳು. ಆಮೇಲೆ ಅವಳಿಗೆ ಬೇಜಾರೂ ಆಯಿತು. "ಹಂಗಾದ್ರೆ ಅಷ್ಟು ದಿನ ನಾನು ಹೇಳಿದ್ದೆಲ್ಲ ದಂಡನಾ? ನೀನು ಆಗಾಗ ತಲೆಯಾಡಿಸ್ತಿದ್ಯಲ್ಲ?"

"ಅದು ಅಂಗಿ ಮುಗಿದಾಗ ಸ್ತೋತ್ರ ಹೇಳ್ತಿದ್ದೆ ಕಣೇ."

ಗುಂಡಿಯಮ್ಮ ಕೈಯಲ್ಲಿದ್ದ ಗುಂಡಿಯನ್ನು ಡಬ್ಬಿಗೆ ಹಾಕಿದಳು. ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಇಸ್ತ್ರಿಯಕ್ಕನ ಬಲಗಡೆಗೆ ಬಂದು, "ಹಾಗಾದ್ರೆ ಮೊದ್ಲಿಂದ ಹೇಳ್ತೀನಿ ಕೇಳು," ಎಂದು ನಾದಿನಿಯಿಂದಲೇ ಶುರುಮಾಡಿದಳು. ಆ ದಿನ ಒಂದು ರೇಷ್ಮೆಯ ಬಟ್ಟೆ ಸುಡುವುದು ಕೂದಲೆಳೆಯಲ್ಲಿ ತಪ್ಪಿತು. ನಾದಿನಿಯ ಕಥೆ ಅಷ್ಟು ರಂಗಾಗಿತ್ತು.

ಇಲ್ಲಿಯವರೆಗೆ ಎಲ್ಲ ಸಂಭ್ರಮವೇ. ಭಾನುವಾರ ಬಂತು.

ಇಸ್ತ್ರಿಯಕ್ಕ ತನ್ನದೇ ಸೀರೆಗೆ ಎರಡು ಸಲ ಇಸ್ತ್ರಿ ಮಾಡಿಕೊಂಡು, ಆರಾಧನೆಗೆ ಅರ್ಧ ಗಂಟೆ ಮುಂಚೆಯೇ ಬೆಂಚಿನ ತುದಿಯಲ್ಲಿ ಹೋಗಿ ಕೂತಳು. ಬೆಂಚುಗಳು ಕಿರುಗುಟ್ಟಿದವು, ಮಕ್ಕಳು ಪಿಸುಗುಟ್ಟಿದರು, ಯಾರೋ ಸೀನಿದರು. ಎಲ್ಲವೂ ಅವಳಿಗೆ ಸಂಗೀತ. ಮಾಸ್ತರರು ಹಾರ್ಮೋನಿಯಂ ಮುಟ್ಟಿದರು. ಇಪ್ಪತ್ತೆರಡು ವರ್ಷದಿಂದ ಬರೀ ಬೆರಳು ನೋಡಿದ್ದವಳಿಗೆ ಆ ಪೆಟ್ಟಿಗೆಯೊಳಗಿಂದ ದನಿ ಹೊರಟು ಬಂದಾಗ ಮೈಯೆಲ್ಲ ಜುಮ್ಮೆಂದಿತು. ಅವಳು ಎದೆ ತುಂಬ ಉಸಿರೆಳೆದಳು. ಕಣ್ಣು ಮುಚ್ಚಿದಳು. ಹಾಡಿದಳು.

ಎರಡು ಸಾಲು ಆಗುವಷ್ಟರಲ್ಲಿ ಏನೋ ಎಡವಟ್ಟಾಗಿದೆ ಅನ್ನಿಸಿತು. ಹಾರ್ಮೋನಿಯಂ ಒಂದು ಬೀದಿಯಲ್ಲಿ ಹೋಗುತ್ತಿತ್ತು, ಸಭೆ ಅದರ ಹಿಂದೆ ಹೋಗುತ್ತಿತ್ತು. ಯಾರೋ ಒಬ್ಬರು ಮಾತ್ರ ಅಡ್ಡಬೀದಿಯಲ್ಲಿ, ಸಾಮಾನು ತುಂಬಿದ ತಳ್ಳುಗಾಡಿಯ ಹಾಗೆ, ಗಡಗಡನೆ ಹೊರಟಿದ್ದರು. ಯಾರಪ್ಪಾ ಇದು ಎಂದು ಇಸ್ತ್ರಿಯಕ್ಕ ಕಣ್ಣು ತೆರೆದು ಸುತ್ತ ನೋಡಿದಳು. ನೋಡಲು ಬಾಯಿ ನಿಲ್ಲಿಸಿದಳು. ತಳ್ಳುಗಾಡಿಯೂ ನಿಂತಿತು.

ಪರೀಕ್ಷೆಗೆಂದು ಒಂದು ಪದ ಮೆತ್ತಗೆ ಹಾಡಿದಳು. ಅನುಮಾನವೇ ಇಲ್ಲ. ತಳ್ಳುಗಾಡಿ ತಾನೇ.

ಆಮೇಲೆ ಅವಳು ತುಟಿ ಬಿಚ್ಚಲಿಲ್ಲ. ಇತ್ತ ಕೀರ್ತನೆಯೂ ಪೇಚಿಗೆ ಸಿಕ್ಕಿಕೊಂಡಿತು. ಅವಳ ದನಿಯನ್ನು ಮೀರಿ ಕೇಳಿಸಬೇಕೆಂದು ಇಷ್ಟು ವರ್ಷ ಗಟ್ಟಿಯಾಗಿ ಹಾಡುತ್ತಿದ್ದ ಸಭೆ, ಇದ್ದಕ್ಕಿದ್ದಂತೆ ತನ್ನ ಗದ್ದಲಕ್ಕೆ ತಾನೇ ನಾಚಿ ದನಿ ತಗ್ಗಿಸಿತು. ಮಾಸ್ತರರಿಗೆ ಪ್ರತಿ ಸಾಲಿನ ಕೊನೆಯಲ್ಲೂ ಅವಳು ಎಳೆದು ಮುಗಿಸುವವರೆಗೆ ಕಾಯುವುದು ಅಭ್ಯಾಸವಾಗಿಹೋಗಿತ್ತು. ಈಗಲೂ ಕಾದರು, ಯಾರಿಗಾಗಿ ಕಾಯುತ್ತಿದ್ದೇನೆಂದು ತಾವೇ ತಬ್ಬಿಬ್ಬಾದರು. ಅಂತೂ ಕುಂಟುತ್ತ ಕುಂಟುತ್ತ ಕೀರ್ತನೆ ಮುಗಿಯಿತು. ಪಾದ್ರಿಗಳು ಪ್ರಸಂಗಕ್ಕೆ ನಿಂತರು. ಇಸ್ತ್ರಿಯಕ್ಕ ಇಷ್ಟು ವರ್ಷ ಅವರ ಮುಖ ನೋಡುತ್ತ ತಾನೇ ಒಂದು ಪ್ರಸಂಗ ಕಟ್ಟಿಕೊಂಡು ಕೇಳುತ್ತಿದ್ದಳು. ನಿಜದ್ದು ಅದರಷ್ಟು ಚೆನ್ನಾಗಿರಲಿಲ್ಲ. ಆದರೆ ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಮನೆಗೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಮುಂದೆ ನಿಂತಳು.

"ರೀ. ನಿಮಗೆ ಗೊತ್ತಿತ್ತಾ?"

"ಏನು?"

"ನನ್ನ ಹಾಡು."

ಅವನು ಗಡಿಯಾರದೊಳಗೆ ಇನ್ನಷ್ಟು ಬಗ್ಗಿದ. ಗಡಿಯಾರದಲ್ಲಿ ಅಡಗಿಕೊಳ್ಳಲು ಜಾಗವಿದ್ದಿದ್ದರೆ ಅಡಗಿಕೊಳ್ಳುತ್ತಿದ್ದ.

"ರೀ!"

"ಗೊತ್ತಿತ್ತು."

"ಇಪ್ಪತ್ತೆರಡು ವರ್ಷ! ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೆ," ಎಂದ ಅವನು. "ನೀನು ಗಂಜಿ ಇಲ್ಲದ ಅಂಗಿ ಬಗ್ಗೆ ಏನೋ ಉತ್ತರ ಕೊಟ್ಟೆ."

ಇಸ್ತ್ರಿಯಕ್ಕ ಕೋಪ ಹಿಡಿದಿಟ್ಟುಕೊಳ್ಳಲು ಬಹಳ ಪ್ರಯತ್ನಪಟ್ಟಳು. ತುಟಿ ಕಚ್ಚಿದಳು, ಗೋಡೆಯ ಕಡೆ ತಿರುಗಿದಳು. ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದುಕೊಂಡು ಅವನು ಗಾಬರಿಯಿಂದ ಎದ್ದು ಬಂದ. ನೋಡಿದರೆ ಉಸಿರು ಕಟ್ಟುವಂತೆ ನಗುತ್ತಿದ್ದಳು. "ಪಾಪ, ಮಾಸ್ತರರು ಕಣ್ರೀ... ಆ ಮನುಷ್ಯ ಹೇಗೆ ತಡ್ಕೊಂಡ್ರು..." ಅವನಿಗೂ ನಗು ಬಂತು. "ಒಂದ್ಸಲ ಕಿವಿಗೆ ಅರಳೆ ಇಟ್ಕೊಂಡು ಬಂದಿದ್ರು," ಎಂದು ಹೇಳಿಬಿಟ್ಟ. ಅದಕ್ಕೆ ಇಬ್ಬರೂ ನೆಲಕ್ಕೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಗಡಿಯಾರ ಒಯ್ಯಲು ಬಂದ ಗಿರಾಕಿ ಬಾಗಿಲಲ್ಲಿ ಇಣುಕಿ, ಆಮೇಲೆ ಬರೋಣವೆಂದು ಹಾಗೇ ಹಿಂದಿರುಗಿದ.

ನಗು ಇಳಿದ ಮೇಲೆ ಒಂದು ಮುಳ್ಳು ಉಳಿದುಕೊಂಡಿತು.

ಪ್ರತಿದಿನ ಬೆಳಿಗ್ಗೆ ಅವಳು ಅಡುಗೆಮನೆಯ ಕಿಟಕಿಯ ಬಳಿ ಮಣೆ ಹಾಕಿಕೊಂಡು ಪ್ರಾರ್ಥನೆಗೆ ಕೂರುವಳು. ಕಿವುಡಾಗಿದ್ದ ದಿನಗಳಲ್ಲಿ ಕಣ್ಣು ಮುಚ್ಚಿದರೆ ಸಾಕು, ಲೋಕ ಬಾಗಿಲು ಹಾಕಿಕೊಳ್ಳುತ್ತಿತ್ತು. ಒಳಗೆ ಅವಳು, ಅವಳ ಕರ್ತನು, ಮತ್ತೆ ಒಂದು ದೊಡ್ಡ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಸ್ತೋತ್ರಗಳು ತಾವಾಗಿ ಉಕ್ಕಿ ಬರುತ್ತಿದ್ದವು. ಈಗ ಕಣ್ಣು ಮುಚ್ಚಿದರೆ ನಲ್ಲಿ ತೊಟ್ಟಿಕ್ಕುತ್ತಿತ್ತು, ಪಕ್ಕದ ಮನೆಯವರು ಪಾತ್ರೆ ಉರುಳಿಸುತ್ತಿದ್ದರು, ಹನ್ನೊಂದು ಗಡಿಯಾರಗಳು ಟಿಕ್ ಟಿಕ್ ಎಂದು ತಲೆಯೊಳಗೆ ಮೊಳೆ ಹೊಡೆಯುತ್ತಿದ್ದವು. "ಸ್ತೋತ್ರ" ಎಂದರೆ ಅದೂ ಗಡಿಯಾರದ ತಾಳಕ್ಕೆ ಬೀಳುತ್ತಿತ್ತು. ಒಂದು ವಾರವಾಯಿತು, ಒಂದು ಪ್ರಾರ್ಥನೆಯೂ ಕೈಗೂಡಲಿಲ್ಲ.

ಅದೇ ಹೊತ್ತಿಗೆ ಪಾದ್ರಿಗಳು ಮನೆಗೆ ಬಂದರು. "ಮುಂದಿನ ಭಾನುವಾರ ನೀವು ಸಾಕ್ಷಿ ಹೇಳ್ಬೇಕಮ್ಮ. ಕರ್ತನು ನಿಮಗೆ ಕಿವಿ ಕೊಟ್ಟ ವಿಷಯ. ಎಲ್ಲರೂ ಕಾಯ್ತಿದ್ದಾರೆ."

ಇಸ್ತ್ರಿಯಕ್ಕ ಚಹಾದ ಲೋಟವನ್ನು ಅವರ ಮುಂದಿಟ್ಟು, ಮುಖ ಸಪ್ಪಗೆ ಮಾಡಿ ನಿಂತಳು. "ಪಾಸ್ಟರ್, ನನಗೆ ಪ್ರಾರ್ಥನೆ ಬರ್ತಿಲ್ಲ."

"ಬರ್ತಿಲ್ಲ ಅಂದ್ರೆ?"

"ಮೊದ್ಲು ಬರ್ತಿತ್ತು. ಈಗ ಸದ್ದು. ದೇವರ ಹತ್ರ ಕೂರ್ತಿದ್ದವಳು ಆ ಕಿವುಡಿ ಪಾಸ್ಟರ್. ಅವಳು ಹೋದ್ಲು. ಈಗ ಇರೋ ಇವಳು ಯಾರು ಅಂತ ನನಗೇ ಗೊತ್ತಿಲ್ಲ. ಹಾಡಿದ್ರೆ ತಳ್ಳುಗಾಡಿ, ಕೂತ್ರೆ ಗಡಿಯಾರ. ಇವಳು ಏನು ಸಾಕ್ಷಿ ಹೇಳ್ತಾಳೆ? 'ಕರ್ತನೇ, ಕಿವಿ ಕೊಟ್ಟೆ, ನನ್ನನ್ನೇ ಕಿತ್ಕೊಂಡೆ' ಅಂತ ಹೇಳ್ಲಾ?"

ಪಾದ್ರಿಗಳು ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು. ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳುವ ಜಾತಿಯವರಲ್ಲ. "ನನಗೆ ತಿಳೀತಿಲ್ಲಮ್ಮ," ಎಂದರು. "ಆದ್ರೂ ಬನ್ನಿ. ಇದನ್ನೇ ಹೇಳಿದ್ರೂ ಪರವಾಗಿಲ್ಲ." ಬಾಗಿಲವರೆಗೆ ಹೋದವರು ತಿರುಗಿ, ಸಂಕೋಚದಿಂದ, "ನನ್ನ ಪ್ರಸಂಗ ಈಗ ಕೇಳಿಸ್ತಾ?" ಎಂದು ಕೇಳಿದರು.

"ಕೇಳಿಸ್ತು. ಇಷ್ಟು ವರ್ಷ ಚೆನ್ನಾಗಿ ಹೇಳ್ತಿದ್ರಿ," ಎಂದಳು ಅವಳು. ಅವರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡು ಖುಷಿಯಿಂದ ಹೋದರು.

ಗಡಿಯಾರದವನು ಭೂತಗಾಜಿನ ಹಿಂದಿನಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದ.

ಮರುದಿನ ಬೆಳಿಗ್ಗೆ ಇಸ್ತ್ರಿಯಕ್ಕ ಮಣೆಯ ಮೇಲೆ ಕೂತು ಕಣ್ಣು ಮುಚ್ಚಿದಳು. ಏನೋ ಬದಲಾಗಿತ್ತು. ಟಿಕ್ ಟಿಕ್ ಇಲ್ಲ. ನಲ್ಲಿಯ ಬಾಯಿಗೆ ಯಾರೋ ಬಟ್ಟೆ ಸುತ್ತಿದ್ದರು. ಮನೆ ಉಸಿರು ಹಿಡಿದು ನಿಂತಂತಿತ್ತು. ತಿರುಗಿ ನೋಡಿದರೆ ಅಂಗಡಿಯ ಗೋಡೆಯಲ್ಲಿ ಹನ್ನೊಂದು ಲೋಲಕಗಳೂ ನೇರ ತೂಗುಬಿದ್ದು ಅಲ್ಲಾಡದೆ ನಿಂತಿದ್ದವು. ಅವಳು ಪ್ರಾರ್ಥಿಸಲೆಂದು ಗಂಡ ರಾತ್ರಿಯಿಡೀ ಎದ್ದೆದ್ದು, ಕುರ್ಚಿ ಹತ್ತಿ, ಆಗೊಂದು ಈಗೊಂದರಂತೆ ಕೈಯಿಂದ ಹಿಡಿದು ನಿಲ್ಲಿಸಿದ್ದ.

ಆ ಮೌನದಲ್ಲಿ ಮುಂದಿನ ಕೋಣೆಯಿಂದ ಒಂದು ಗೊಣಗಾಟ ಕೇಳಿ ಬಂತು. ಅವನದೇ ದನಿ. ಬೆನ್ನು ಮಾಡಿ ಕೂತು, ಮೇಜು ಒರೆಸುತ್ತ, ಮಗ್ಗಿ ಒಪ್ಪಿಸುವವನ ಹಾಗೆ ಒಂದೇ ಸಮನೆ ಹೇಳಿಕೊಳ್ಳುತ್ತಿದ್ದ.

"...ಬೆಳಗಾಗಿದ್ದಕ್ಕೆ ಸ್ತೋತ್ರ. ಕೈ ನಡುಗದೇ ಇರೋದಕ್ಕೆ ಸ್ತೋತ್ರ. ಮಗಳು ಚೆನ್ನಾಗಿರೋದಕ್ಕೆ ಸ್ತೋತ್ರ. ಇವಳನ್ನ ನಂಗೆ ಕೊಟ್ಟಿದ್ದಕ್ಕೆ ಸ್ತೋತ್ರ. ಇವಳು ನಂಗೆ ಸಿಕ್ಕಿದ್ದು ನನ್ನ ಯೋಗ್ಯತೆಯಿಂದಲ್ಲ, ನಿನ್ನ ದಯೆಯಿಂದ, ಅದಕ್ಕೆ ಸ್ತೋತ್ರ. ಇವಳ ಹಾಡಿಗೆ ಸ್ತೋತ್ರ..."

ಇಸ್ತ್ರಿಯಕ್ಕ ಎದ್ದು ಬಂದು ಬಾಗಿಲಲ್ಲಿ ನಿಂತಳು. "ರೀ. ಇದು ಯಾವಾಗಿಂದ?"

ಅವನು ಕದ್ದು ಸಿಕ್ಕಿಬಿದ್ದವನಂತೆ ಒರೆಸುವ ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. "ಕೇಳಿಸ್ತಾ? ಮರೆತೇಹೋಗಿತ್ತು ನೋಡು, ನಿಂಗೆ ಕೇಳಿಸುತ್ತೆ ಅಂತ."

"ಯಾವಾಗಿಂದ ಅಂದೆ."

"ಮದುವೆ ಆದಾಗಿಂದ. ದಿನಾ."

"ಕಿವಿ ಹೋದ ಮೇಲೂ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕಿವಿಗೂ ಇದಕ್ಕೂ ಏನು ಸಂಬಂಧ?" ಎಂದ.

ಇಸ್ತ್ರಿಯಕ್ಕ ಬಾಗಿಲಿಗೆ ಒರಗಿಕೊಂಡಳು. ಕೇಳಿಸುತ್ತಿದ್ದ ಹುಡುಗಿಗಾಗಿ ಅವನು ಸ್ತೋತ್ರ ಹೇಳಿದ್ದ. ಕಿವುಡಿಯಾದವಳಿಗಾಗಿಯೂ ಅದೇ ಸ್ತೋತ್ರ. ಈಗ ಪುನಃ ಕೇಳಿಸತೊಡಗಿದವಳಿಗೂ ಅದೇ. ಮೂರು ಹೆಂಗಸರು ಎಂದು ಅವಳು ಎಣಿಸಿ ಕಂಗಾಲಾಗಿದ್ದರೆ, ಅವನ ಬಾಯಲ್ಲಿ, ಅವನು ಯಾರಿಗೆ ಹೇಳುತ್ತಿದ್ದನೋ ಆ ಕರ್ತನ ಕಿವಿಯಲ್ಲಿ, ಒಬ್ಬಳೇ ಇದ್ದಳು. ಕೊಡಲ್ಪಟ್ಟವಳು. ಅವಳು ತನ್ನನ್ನು ತಾನು ಕಳೆದುಕೊಳ್ಳಬೇಕೆಂದರೂ ಆಗುವಂತಿರಲಿಲ್ಲ. ಅವಳು ತನ್ನ ಕೈಯಲ್ಲೇ ಇರಲಿಲ್ಲ.

ಆಗ ಅವಳಿಗೆ ಹುಚ್ಚು ಸಂತೋಷ ಹತ್ತಿತು. ಡಾಕ್ಟರಮ್ಮನ ಮಾತು ಮರೆತು ಕುರ್ಚಿ ಹತ್ತಿದಳು. "ಏಯ್, ತಲೆ ತಿರುಗುತ್ತೆ ಕಣೇ, ಇಳಿ!" ಎಂದು ಅವನು ಸೊಂಟ ಹಿಡಿದುಕೊಂಡ. "ಹಿಡ್ಕೊಳ್ಳಿ, ಬಿಡಬೇಡಿ," ಎನ್ನುತ್ತ ಅವಳು ಮೊದಲ ಲೋಲಕಕ್ಕೆ ಬೆರಳಿನಿಂದ ಒಂದು ಏಟು ಕೊಟ್ಟಳು. ಟಿಕ್. ಎರಡನೆಯದಕ್ಕೆ. ಟಿಕ್. ಹನ್ನೊಂದಕ್ಕೂ ಜೀವ ಬಂತು. ಜೀವವೇನೋ ಬಂತು, ಆದರೆ ಹೊತ್ತು ಮಾತ್ರ ಒಂದೊಂದರದು ಒಂದೊಂದು. ಬೆಳಗಿನ ಏಳು ಗಂಟೆಗೆ ಒಂದು ಗಡಿಯಾರ ಐದು ಹೊಡೆಯಿತು, ಇನ್ನೊಂದು ಹನ್ನೆರಡು ಹೊಡೆಯಿತು, ಮೂರನೆಯದು ನಡುವೆ ಬಾಯಿ ಹಾಕಿತು. ಆ ಗದ್ದಲದ ನಡುವೆ, ಕುರ್ಚಿಯ ಮೇಲೆ ನಿಂತೇ, ಗಂಡನ ತಲೆ ಹಿಡಿದುಕೊಂಡು, ಇಸ್ತ್ರಿಯಕ್ಕ ವಾರಕ್ಕೆಲ್ಲ ಸಾಲುವಷ್ಟು ಪ್ರಾರ್ಥನೆ ಮಾಡಿದಳು. ಒಂದೂ ತಾಳಕ್ಕೆ ಬೀಳಲಿಲ್ಲ.

ಭಾನುವಾರ ಪಾದ್ರಿಗಳು ಅವಳನ್ನು ಮುಂದಕ್ಕೆ ಕರೆದರು. ಮೈಕು ಕೊಟ್ಟರು. ಅವಳು "ಸಭೆಯವರಿಗೆಲ್ಲ ಸ್ತೋತ್ರ" ಎಂದಳು. ಮೈಕಿನಿಂದ ತನ್ನ ದನಿ ನಾಲ್ಕು ಗೋಡೆಗೂ ಬಡಿದು ಬಂದದ್ದು ಕೇಳಿ ಕಿಸಕ್ಕನೆ ನಕ್ಕಳು. ಮೈಕು ಆ ನಗುವನ್ನೂ ಗೋಡೆಗೆ ಬಡಿಯಿತು. ಇನ್ನಷ್ಟು ನಗು ಬಂತು.

"ನನಗೆ ಕಿವಿ ಬಂತು," ಎಂದಳು ಸಾವರಿಸಿಕೊಂಡು. "ಡಾಕ್ಟರಮ್ಮನಿಗೆ ಸ್ತೋತ್ರ... ಅಂದ್ರೆ, ಅವರ ಕೈಗಾಗಿ ಕರ್ತನಿಗೆ ಸ್ತೋತ್ರ. ಎಲ್ಲರೂ ಅಂದ್ಕೊಂಡಿದ್ದೀರ, ಮೊದ್ಲು ಕತ್ತಲೆ ಇತ್ತು ಈಗ ಬೆಳಕಾಯ್ತು ಅಂತ ಹೇಳ್ತೀನಿ ಅಂತ. ಮೊದ್ಲೂ ಬೆಳಕೇ ಇತ್ತು. ಕೇಳಿಸದೇ ಇದ್ದಾಗಲೂ ನಾನು ದೇವರ ಮಗಳೇ ಆಗಿದ್ದೆ. ಈಗ ಗದ್ದಲ ಕೇಳಿಸ್ಕೊಂಡಿರೋ ದೇವರ ಮಗಳು. ಅಷ್ಟೇ ವ್ಯತ್ಯಾಸ."

ಅಲ್ಲಲ್ಲಿ "ಆಮೆನ್" ಕೇಳಿಬಂತು. ಅವಳು ಹಾರ್ಮೋನಿಯಂ ಕಡೆ ತಿರುಗಿದಳು.

"ಮತ್ತೆ ಮಾಸ್ತರೇ, ಇಪ್ಪತ್ತೆರಡು ವರ್ಷ ನೀವು ಒಂದು ದಿನಾನೂ ನನ್ನನ್ನ ಸುಮ್ನಿರು ಅನ್ಲಿಲ್ಲ. ನಿಮಗೆ... ನಿಮಗೆ..." ಎನ್ನುವಷ್ಟರಲ್ಲಿ ಅರಳೆಯ ಸಂಗತಿ ನೆನಪಾಗಿ, ಮಾತು ಸಿಕ್ಕಿಹಾಕಿಕೊಂಡು, ನಗು ಕಟ್ಟೆಯೊಡೆಯಿತು. ಮೊದಲ ಸಾಲಿನ ಹೆಂಗಸರಿಗೆ ಅಂಟಿತು, ಅಲ್ಲಿಂದ ಹಿಂದಿನ ಬೆಂಚುಗಳಿಗೆ ಹಬ್ಬಿತು. ಮಾಸ್ತರರು ಗಂಭೀರವಾಗಿರಲು ನೋಡಿದರು. ಸಾಧ್ಯವಾಗದೆ ಹಾರ್ಮೋನಿಯಂ ಮೇಲೆ ತಲೆಯಿಟ್ಟರು; ಹತ್ತಾರು ಸ್ವರದ ಕೀಲಿಗಳು ಒಟ್ಟಿಗೆ ಒತ್ತಿಹೋಗಿ ಪೆಟ್ಟಿಗೆ ಹೋ ಎಂದು ಅರಚಿತು. ಆಮೇಲೆ ಇಡೀ ಸಭೆಯೇ ಗಾಂಭೀರ್ಯ ಕೈಬಿಟ್ಟಿತು. ಪಾದ್ರಿಗಳು ಪ್ರಸಂಗದ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು.

"ನಿಮಗೆಲ್ಲ ಸ್ತೋತ್ರ," ಎಂದು ಕೊನೆಗೂ ಮುಗಿಸಿದಳು ಇಸ್ತ್ರಿಯಕ್ಕ. "ಇನ್ನು ಹಾಡ್ತೀನಿ. ಗೊತ್ತಿದ್ದೇ ಹಾಡ್ತೀನಿ. ಕಿವಿ ಮುಚ್ಕೊಳ್ಳೋರು ಮುಚ್ಕೊಳ್ಳಿ." ಹಾಡಿದಳು. ಸಭೆ ಗಟ್ಟಿಯಾಗಿ, ಹಳೆಯ ಹಾಗೆಯೇ, ಅವಳ ದನಿಯನ್ನು ಮೀರಿ ಕೇಳಿಸುವಂತೆ ಹಾಡಿತು.

ಆರಾಧನೆ ಮುಗಿದ ಮೇಲೆ ಮಾಸ್ತರರು ಹತ್ತಿರ ಬಂದರು. ಅವಳ ಹಾಡು ತಿದ್ದಲೆಂದು ಶನಿವಾರ ಮಧ್ಯಾಹ್ನ ಅರ್ಧ ಗಂಟೆ ಕೊಡುತ್ತೇನೆಂದರು. ಇಸ್ತ್ರಿಯಕ್ಕ ಒಪ್ಪಿಕೊಂಡಳು. ನಾಲ್ಕು ತಿಂಗಳು ಶನಿವಾರಗಳೆಲ್ಲ ಹೋಗಿ ಒಂದು ಕೀರ್ತನೆಯ ಪಲ್ಲವಿಯನ್ನು ಸರಿಯಾಗಿ ಕಲಿತಳು. ಅನುಪಲ್ಲವಿಗೆ ಬಂದರೆ ಈಗಲೂ ಅಡ್ಡಬೀದಿಯೇ. ಮಾಸ್ತರರು ಸೋತೆನೆಂದು ಒಪ್ಪಿಕೊಂಡಿಲ್ಲ. ಶನಿವಾರ ಚಹಾಕ್ಕೆ ಅವರ ಹೆಂಡತಿಯೂ ಗುಂಡಿಯಮ್ಮನೂ ಬಂದು ಸೇರುವುದರಿಂದ ಪಾಠ ಸಾಗುವುದೂ ಕಡಿಮೆ.

ಆರನೆಯ ತಿಂಗಳು ಡಾಕ್ಟರಮ್ಮ ಕಿವಿ ಪರೀಕ್ಷೆ ಮಾಡಿ, "ಇನ್ನು ಎಡಗಿವಿಯನ್ನೂ ಮಾಡಬಹುದು. ಯಾವಾಗ ಬರ್ತೀರಿ?" ಎಂದು ಕೇಳಿದರು.

ಇಸ್ತ್ರಿಯಕ್ಕ ಗಂಡನ ಮುಖ ನೋಡಿದಳು. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ.

"ನಿಮಗೇನಾದ್ರೂ ಅಭ್ಯಂತರ ಇದೆಯೇನ್ರೀ?"

"ಇಲ್ಲ, ಇಲ್ಲ," ಎಂದ ಅವನು. "ಒಂದು ವಾರ ಟೈಮ್ ಕೊಡು. ನಿಂಗೆ ಕೇಳಿಸೋ ಮುಂಚೆ ಆ ಎಡಗಡೆಯಿಂದ ಇನ್ನೂ ಕೆಲವು ವಿಷಯ ಹೇಳೋದಿದೆ."

"ಈ ಕಡೆಯಿಂದಲೇ ಹೇಳಿ," ಎಂದು ಅವಳು ಬಲಗಿವಿ ಅವನ ಕಡೆಗಾಗುವಂತೆ ಕುರ್ಚಿ ತಿರುಗಿಸಿ ಕೂತಳು. ಡಾಕ್ಟರಮ್ಮ ನಗುತ್ತ ಡೈರಿ ತೆರೆದು ಮುಂದಿನ ತಿಂಗಳ ಮೊದಲ ಸೋಮವಾರಕ್ಕೆ ಗುರುತು ಹಾಕಿದರು.